ಚೀಟಿ ಬರೆಯುವ ಮುಂಚೆ: ಊರಿನ ಕ್ಲಿನಿಕ್‌ನಲ್ಲಿ ಆಂಟಿಬಯೋಟಿಕ್ ಸರಿಯಾಗಿ ಕೊಡುವುದು ಹೇಗೆ

ದಾವಣಗೆರೆ, ಚಿತ್ರದುರ್ಗ ಕಡೆಯ ಕ್ಲಿನಿಕ್‌ಗಳಿಗೆ ದಿನಾ ಬರುವುದು ಏನು? ಜ್ವರ, ನೆಗಡಿ, ಕೆಮ್ಮು, ಭೇದಿ, ಉರಿಮೂತ್ರ, ಕೀವು ತುಂಬಿದ ಗಾಯ. ಐಸಿಯುನಲ್ಲಿ ಯಾವ ಔಷಧಿಗೂ ಬಗ್ಗದ ಬ್ಯಾಕ್ಟೀರಿಯಾ ಸಿಕ್ಕಾಗ ಎಲ್ಲರೂ ಗಾಬರಿಯಾಗುತ್ತೇವೆ. ಆದರೆ ಮನುಷ್ಯರಿಗೆ ಕೊಡುವ ಆಂಟಿಬಯೋಟಿಕ್‌ನ ಬಹುಪಾಲು ಖರ್ಚಾಗುವುದು ಐಸಿಯುನಲ್ಲಿ ಅಲ್ಲ. ಹೊರರೋಗಿ ವಿಭಾಗದಲ್ಲಿ, ಊರಿನ ಕ್ಲಿನಿಕ್‌ನಲ್ಲಿ, ಮೆಡಿಕಲ್ ಶಾಪ್ ಕೌಂಟರ್‌ನಲ್ಲಿ. 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಸೋಂಕಿನಿಂದಲೇ ಸತ್ತರು ಎಂದು ಅಂದಾಜು. ಇಂಥ ಸೋಂಕು ಜೊತೆಗಿದ್ದ ಸಾವುಗಳನ್ನೆಲ್ಲ ಲೆಕ್ಕ ಹಾಕಿದರೆ 49.5 ಲಕ್ಷ. ಆ ಸಂಖ್ಯೆಯ ಒಂದು ತುದಿ ನಮ್ಮ ಚೀಟಿಯಲ್ಲೂ ಇದೆ.

ಇದನ್ನು ಮುಖ್ಯವಾಗಿ ಬರೆದಿರುವುದು ಊರಿನ ಕ್ಲಿನಿಕ್, ಪ್ರಾಥಮಿಕ ಆರೋಗ್ಯ ಕೇಂದ್ರ, ಸರ್ಕಾರದ ನಮ್ಮ ಕ್ಲಿನಿಕ್‌ಗಳಲ್ಲಿ ಕೂತು ಚೀಟಿ ಬರೆಯುವ ವೈದ್ಯರಿಗೆ. ಸಿಎಚ್‌ಓ (ಸಮುದಾಯ ಆರೋಗ್ಯ ಅಧಿಕಾರಿ), ನರ್ಸ್, ಆಶಾ ಕಾರ್ಯಕರ್ತೆಯರು, ಮೆಡಿಕಲ್ ಶಾಪ್‌ನವರು ಓದಿದರೂ ಉಪಯೋಗವಿದೆ. ಇಲ್ಲಿರುವ ಡೋಸ್ ನೋಡಿಕೊಂಡು ಯಾರೂ ತಾವಾಗಿಯೇ ಮಾತ್ರೆ ತಗೊಳ್ಳಬೇಡಿ.

ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ಮಾತು. ಆಂಟಿಬಯೋಟಿಕ್ ಬೇಡ ಅಂದ ಮೇಲೆ ನಮ್ಮ ಕೆಲಸ ಮುಗಿಯುವುದಿಲ್ಲ, ಅಲ್ಲಿಂದ ಶುರುವಾಗುತ್ತದೆ. ಮಾತ್ರೆ ಕೊಡದೆ ಕಳಿಸುವ ರೋಗಿಗೆ ಜಾಸ್ತಿ ಪರೀಕ್ಷೆ, ಜಾಸ್ತಿ ಮಾತು, ಮತ್ತೆ ಯಾವಾಗ ಬರಬೇಕು ಅನ್ನುವ ಸ್ಪಷ್ಟ ಉತ್ತರ ಕೊಡಬೇಕು. ಅಷ್ಟನ್ನು ಕೊಡದೆ ಸುಮ್ನೆ ‘ಬೇಡ’ ಅಂದರೆ, ಅವರು ಪಕ್ಕದ ರಸ್ತೆಯಲ್ಲಿ ಅದೇ ಮಾತ್ರೆ ತಗೊಂಡು ಊರಿಗೆ ಹೋಗುತ್ತಾರೆ.

ಹಂತ 1: ಮೊದಲು ಅಪಾಯದ ಲಕ್ಷಣ ನೋಡಿ

ಆಂಟಿಬಯೋಟಿಕ್ ಕಡಿಮೆ ಮಾಡಿ ಅಂದರೆ, ಬೇಕಾದವರಿಗೂ ತಡ ಮಾಡಿ ಅಂತಲ್ಲ. ಆದ್ದರಿಂದ ಈ ಹಂತ ಎಲ್ಲಕ್ಕಿಂತ ಮುಂದೆ ಬರಬೇಕು.

ಮಗು ಹಾಲು, ನೀರು ಕುಡಿಯುತ್ತಿಲ್ಲವೇ? ಕುಡಿದದ್ದೆಲ್ಲ ವಾಂತಿಯಾಗುತ್ತಿದೆಯೇ? ಫಿಟ್ಸ್ ಬಂದಿದೆಯೇ? ಎಬ್ಬಿಸಿದರೂ ಕಣ್ಣು ಬಿಡದಷ್ಟು ಮಂಕಾಗಿದೆಯೇ? ಉಸಿರೆಳೆದಾಗ ಎದೆಯ ಕೆಳಭಾಗ ಒಳಗೆ ಹೋಗುತ್ತಿದೆಯೇ? ಬೆರಳಿಗೆ ಹಾಕುವ ಯಂತ್ರದಲ್ಲಿ ಆಕ್ಸಿಜನ್ 90ಕ್ಕಿಂತ ಕೆಳಗಿದೆಯೇ? ಇವುಗಳಲ್ಲಿ ಒಂದಿದ್ದರೂ ಮಗುವನ್ನು ಕ್ಲಿನಿಕ್‌ನಲ್ಲಿ ಇಟ್ಟುಕೊಳ್ಳಬೇಡಿ. ಎರಡು ತಿಂಗಳೊಳಗಿನ ಹಸುಗೂಸಿಗೆ ಜ್ವರ ಬಂದರೂ, ಮೈ ತಣ್ಣಗಾದರೂ ಹಾಗೆಯೇ.

ದೊಡ್ಡವರಲ್ಲಿ ಗೊಂದಲದಿಂದ ಮಾತು ತಡವರಿಸುವುದು, ನಿಮಿಷಕ್ಕೆ 30 ಅಥವಾ ಹೆಚ್ಚು ಉಸಿರು, ಮೇಲಿನ ಬಿಪಿ 90ಕ್ಕಿಂತ ಕಡಿಮೆ, ವಯಸ್ಸು 65 ದಾಟಿರುವುದು, ಇವನ್ನು ಒಟ್ಟಿಗೆ ಇಟ್ಟು ತೂಗಿ.

ಸೆಪ್ಸಿಸ್ (ಸೋಂಕು ವಿಪರೀತಕ್ಕೆ ಹೋಗಿ ಅಂಗಾಂಗ ಕೆಡುವ ಸ್ಥಿತಿ) ಅನುಮಾನ ಇದ್ದರೆ ಮೊದಲ ಡೋಸ್ ಇಲ್ಲೇ ಕೊಟ್ಟು 108ಕ್ಕೆ ಫೋನ್ ಮಾಡಿ. ಯಾವ ಔಷಧಿ, ಎಷ್ಟು, ಎಷ್ಟು ಗಂಟೆಗೆ ಕೊಟ್ಟಿರಿ ಅಂತ ಚೀಟಿಯಲ್ಲಿ ಬರೆದು ರೋಗಿಯ ಜೊತೆಗೇ ಕಳಿಸಿ. ದಾವಣಗೆರೆಯ ಚಿಗಟೇರಿ ಆಸ್ಪತ್ರೆಯಲ್ಲೋ ಚಿತ್ರದುರ್ಗದ ಜಿಲ್ಲಾಸ್ಪತ್ರೆಯಲ್ಲೋ ರಾತ್ರಿ ಡ್ಯೂಟಿಯಲ್ಲಿರುವ ವೈದ್ಯರಿಗೆ ಆ ಒಂದು ಸಾಲು ಬಹಳ ಬೆಲೆಯದ್ದು.

ಹಂತ 2: ಸೋಂಕು ಎಲ್ಲಿದೆ ಅಂತ ಬರೆಯಿರಿ

‘ಜ್ವರ’ ಅನ್ನುವುದು ಕಾಯಿಲೆಯ ಹೆಸರಲ್ಲ. ಗಂಟಲೋ, ಕಿವಿಯೋ, ಶ್ವಾಸಕೋಶವೋ, ಮೂತ್ರಕೋಶವೋ, ಚರ್ಮವೋ, ಕರುಳೋ? ಜಾಗ ಹೇಳಲು ಬರದಿದ್ದರೆ, ರೋಗಿ ಸ್ಥಿರವಾಗಿದ್ದರೆ, ಮಾತ್ರೆಗಿಂತ ಮೊದಲು ಪರೀಕ್ಷೆ ಮಾಡಿಸಿ. 2024ರ ಜನವರಿಯಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶಕರು ವೈದ್ಯರಿಗೆ ಬರೆದ ಪತ್ರದಲ್ಲಿ ಕೇಳಿದ್ದೂ ಇದನ್ನೇ: ಆಂಟಿಬಯೋಟಿಕ್ ಬರೆದಾಗ ಅದರ ಕಾರಣವನ್ನೂ ಚೀಟಿಯಲ್ಲಿ ಕಡ್ಡಾಯವಾಗಿ ಬರೆಯಿರಿ. ಇದು ಎರಡು ಸೆಕೆಂಡಿನ ಕೆಲಸ. ಆದರೆ ಕಾರಣ ಬರೆಯಲು ಕೈ ತಡೆದರೆ, ಆ ಮಾತ್ರೆ ಬಹುಶಃ ಬೇಕಾಗಿಲ್ಲ ಅಂತಲೇ ಅರ್ಥ.

ಹಂತ 3: ಒಂದೊಂದೇ ಕಾಯಿಲೆ

ನೆಗಡಿ ಮತ್ತು ಕೆಮ್ಮು. ನೆಗಡಿ ಬರುವುದು ವೈರಸ್‌ನಿಂದ. ಆಂಟಿಬಯೋಟಿಕ್ ವೈರಸ್ಸನ್ನು ಕೊಲ್ಲುವುದಿಲ್ಲ. ಸಿಂಬಳ ಅಥವಾ ಕಫ ಹಳದಿ, ಹಸಿರು ಆಯಿತು ಅಂದ ಮಾತ್ರಕ್ಕೆ ಬ್ಯಾಕ್ಟೀರಿಯಾ ಸೇರಿತು ಅಂತಲ್ಲ. ನಮ್ಮದೇ ಬಿಳಿ ರಕ್ತಕಣಗಳಿಂದ ಆ ಬಣ್ಣ ಬರುತ್ತದೆ. ನೆಗಡಿ 7ರಿಂದ 10 ದಿನ ಇರುತ್ತದೆ. ಕೆಮ್ಮು ಸರಾಸರಿ ಎರಡೂವರೆ ವಾರ ಎಳೆಯುತ್ತದೆ. ಜನರ ಲೆಕ್ಕದಲ್ಲಿ ಅದು ಒಂದು ವಾರಕ್ಕೆ ಹೋಗಬೇಕು. ಎಂಟನೇ ದಿನ ಅವರು ವಾಪಸ್ ಬರುವುದು ಇದಕ್ಕೇ. ಮೊದಲ ದಿನವೇ ‘ಕೆಮ್ಮು ಎರಡು-ಮೂರು ವಾರ ಇರಬಹುದು, ದಿನಾ ಸ್ವಲ್ಪ ಕಮ್ಮಿ ಆಗ್ತಾ ಹೋಗುತ್ತೆ’ ಅಂತ ಹೇಳಿಬಿಡಿ. ಬಿಸಿನೀರು, ಜ್ವರಕ್ಕೆ ಪ್ಯಾರಸಿಟಮಾಲ್, ಒಂದು ವರ್ಷ ದಾಟಿದ ಮಕ್ಕಳಿಗೆ ರಾತ್ರಿ ಒಂದು ಚಮಚ ಜೇನುತುಪ್ಪ. ಇಷ್ಟು ಸಾಕು.

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವವರು ಕೆಮ್ಮು ಅಂತ ಬಂದಾಗ ಸ್ವಲ್ಪ ನಿಲ್ಲಿ. ಬೆಳಗಿನ ಜಾವದಿಂದ ಒಲೆ ಮುಂದೆ ಹೊಗೆಯಲ್ಲಿ ನಿಂತು ಬಂದಿರುತ್ತಾರೆ. ಬಟ್ಟೆಯಲ್ಲಿ, ಕೂದಲಲ್ಲಿ ಹೊಗೆಯ ವಾಸನೆ ಇರುತ್ತದೆ. ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಉಸಿರು ಬಿಡುವಾಗ ಸುಂಯ್ ಅನ್ನುತ್ತದೆ. ಮೂರು ಮೆಡಿಕಲ್ ಶಾಪ್‌ಗಳ ಮೂರು ಬಣ್ಣದ ಸ್ಟ್ರಿಪ್ ಜೇಬಿನಿಂದ ತೆಗೆದು ಮೇಜಿನ ಮೇಲೆ ಇಡುತ್ತಾರೆ: ಅಜಿತ್ರೋಮೈಸಿನ್, ಸೆಫಿಕ್ಸಿಮ್, ಲೆವೋಫ್ಲಾಕ್ಸಾಸಿನ್, ಎಲ್ಲ ಅರ್ಧರ್ಧ. ಇಂಥವರಿಗೆ ನಾಲ್ಕನೇ ಆಂಟಿಬಯೋಟಿಕ್‌ನಿಂದ ಏನೂ ಆಗುವುದಿಲ್ಲ. ಬೇಕಿರುವುದು ಇನ್‌ಹೇಲರ್, ಮೂಗಿಗೆ ರಕ್ಷಣೆ, ಬೀಡಿ ಬಿಡಿಸುವ ಮಾತು. ಜೊತೆಗೆ ಕಫ ಪರೀಕ್ಷೆ. ಅಕ್ಕಿ ಗಿರಣಿಯವರಿಗೂ, ಹೊಳಲ್ಕೆರೆ, ಹೊಸದುರ್ಗ ಕಡೆ ಗಣಿ ಧೂಳಲ್ಲಿ ದುಡಿಯುವವರಿಗೂ ಇದೇ ಮಾತು.

ಕಫ ಪರೀಕ್ಷೆಯನ್ನು ಒತ್ತಿ ಹೇಳಲು ಕಾರಣ ಇದೆ. ಎರಡು ವಾರ ದಾಟಿದ ಕೆಮ್ಮಿಗೆ ಲೆವೋಫ್ಲಾಕ್ಸಾಸಿನ್, ಮಾಕ್ಸಿಫ್ಲಾಕ್ಸಾಸಿನ್ ತರಹದ ಮಾತ್ರೆ ಬರೆಯಲೇಬೇಡಿ. ಅವು ಕ್ಷಯದ ಬ್ಯಾಕ್ಟೀರಿಯಾ ಮೇಲೂ ಕೆಲಸ ಮಾಡುತ್ತವೆ. ರೋಗಿಗೆ ಸ್ವಲ್ಪ ದಿನ ಹಾಯೆನಿಸುತ್ತದೆ. ಕಾಯಿಲೆ ಮುಚ್ಚಿಹೋಗಿ ಪತ್ತೆ ತಡವಾಗುತ್ತದೆ. ಅಷ್ಟರಲ್ಲಿ ಮನೆಯವರಿಗೆಲ್ಲ ಹರಡಿರುತ್ತದೆ. ಮೇಲಾಗಿ, ಮದ್ದಿಗೆ ಬಗ್ಗದ ಕ್ಷಯಕ್ಕೆ ನಮ್ಮ ಬಳಿ ಉಳಿದಿರುವ ಕೆಲವೇ ಔಷಧಿಗಳಲ್ಲಿ ಇವೂ ಸೇರಿವೆ. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ. ಮೊದಲು ಅಲ್ಲಿಗೆ ಕಳಿಸಿ.

ಮಗುವಿನ ಉಸಿರು ಎಣಿಸುವುದು. ಐದು ವರ್ಷದೊಳಗಿನ ಮಗುವಿಗೆ ಕೆಮ್ಮಿದ್ದರೆ, ನ್ಯುಮೋನಿಯಾ ಇದೆಯೋ ಇಲ್ಲವೋ ಎಂದು ನೋಡಲು ಒಂದು ಗಡಿಯಾರ ಸಾಕು. ಮಗು ತಾಯಿಯ ಮಡಿಲಲ್ಲಿ ಸಮಾಧಾನವಾಗಿರಲಿ. ಅಳುತ್ತಿದ್ದರೆ, ಹಾಲು ಕುಡಿಯುತ್ತಿದ್ದರೆ ಕಾಯಿರಿ. ಅಂಗಿ ಮೇಲೆತ್ತಿ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಡಿ, ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. ಎರಡು ತಿಂಗಳೊಳಗೆ 60 ಅಥವಾ ಹೆಚ್ಚು, 2ರಿಂದ 12 ತಿಂಗಳವರೆಗೆ 50 ಅಥವಾ ಹೆಚ್ಚು, 1ರಿಂದ 5 ವರ್ಷದವರೆಗೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರು. ಎರಡು ತಿಂಗಳೊಳಗಿನ ಕೂಸನ್ನು ಆಸ್ಪತ್ರೆಗೆ ಕಳಿಸಿ. ಉಳಿದ ಮಕ್ಕಳಲ್ಲಿ ಅಪಾಯದ ಲಕ್ಷಣ ಇಲ್ಲದಿದ್ದರೆ ಅಮಾಕ್ಸಿಸಿಲಿನ್, ಕಿಲೋ ತೂಕಕ್ಕೆ ಪ್ರತಿ ಸಲ 40 ಮಿ.ಗ್ರಾಂ.ನಂತೆ, ದಿನಕ್ಕೆ ಎರಡು ಸಲ, 5 ದಿನ. ಎರಡು ದಿನ ಬಿಟ್ಟು ಮತ್ತೆ ನೋಡಿ. ಎಣಿಕೆ ಇದಕ್ಕಿಂತ ಕಡಿಮೆ ಇದ್ದು ಮಗು ಚೆನ್ನಾಗಿ ಆಡುತ್ತಿದ್ದರೆ ಆಂಟಿಬಯೋಟಿಕ್ ಬೇಡ.

ಇದರಲ್ಲಿ ಇನ್ನೊಂದು ಲಾಭ ಇದೆ. ಆ ಒಂದು ನಿಮಿಷ ತಾಯಿಯೂ ನಿಮ್ಮ ಜೊತೆ ಮಗುವಿನ ಹೊಟ್ಟೆಯನ್ನೇ ನೋಡುತ್ತಿರುತ್ತಾಳೆ. ಆಮೇಲೆ ನೀವು ‘ಬೇಡ’ ಅಂದಾಗ ಆಕೆ ನಂಬುತ್ತಾಳೆ.

ಗಂಟಲು ನೋವು. ನಾಲ್ಕು ವಿಷಯ ನೋಡಿ: ಜ್ವರ, ಟಾನ್ಸಿಲ್ ಮೇಲೆ ಬಿಳಿ ಪೊರೆ, ಕುತ್ತಿಗೆ ಮುಂದಿನ ಗಂಟು ಮುಟ್ಟಿದರೆ ನೋವು, ಕೆಮ್ಮು ಇಲ್ಲದಿರುವುದು. ಎರಡು ಅಥವಾ ಕಡಿಮೆ ಇದ್ದರೆ ಸಾಮಾನ್ಯವಾಗಿ ಆಂಟಿಬಯೋಟಿಕ್ ಬೇಡ. ಮೂರೋ ನಾಲ್ಕೋ ಇದ್ದು, 5ರಿಂದ 15 ವರ್ಷದ ಮಗುವಾದರೆ ನಾನು ಕೊಡುವ ಕಡೆಗೇ ವಾಲುತ್ತೇನೆ. ಹೃದಯದ ಕವಾಟ ಕೆಡಿಸುವ ರುಮಾಟಿಕ್ ಜ್ವರ ನಮ್ಮ ಕಡೆ ಇನ್ನೂ ಪೂರ್ತಿ ಹೋಗಿಲ್ಲ. ಅಮಾಕ್ಸಿಸಿಲಿನ್ ಕಿಲೋಗೆ 50 ಮಿ.ಗ್ರಾಂ., ದಿನಕ್ಕೆ ಒಂದೇ ಸಲ, ಗರಿಷ್ಠ 1 ಗ್ರಾಂ, 10 ದಿನ. ಇಲ್ಲಿ ಮಾತ್ರ ದಿನ ಕಡಿಮೆ ಮಾಡಬೇಡಿ. ರುಮಾಟಿಕ್ ಹೃದಯ ಕಾಯಿಲೆ ಇರುವವರಿಗೆ ಮೂರು ವಾರಕ್ಕೊಮ್ಮೆ ಹಾಕುವ ಬೆಂಜಥೀನ್ ಪೆನ್ಸಿಲಿನ್ ಚುಚ್ಚುಮದ್ದನ್ನು ‘ಆಂಟಿಬಯೋಟಿಕ್ ಕಮ್ಮಿ ಮಾಡ್ಬೇಕು’ ಅಂತ ಯಾರೂ ನಿಲ್ಲಿಸಬಾರದು.

ಕಿವಿ ನೋವು ಎರಡು ವರ್ಷ ದಾಟಿದ, ಅಷ್ಟೇನೂ ಸುಸ್ತಾಗದ ಮಗುವಿನಲ್ಲಿದ್ದರೆ ನೋವಿನ ಔಷಧಿ ಕೊಟ್ಟು ಎರಡು-ಮೂರು ದಿನ ಕಾಯಬಹುದು. ಸೈನಸ್‌ಗೆ ಹತ್ತು ದಿನ ಕಳೆದರೂ ಏನೂ ಇಳಿಯದಿದ್ದರೆ, ಇಳಿದು ಮತ್ತೆ ಜೋರಾದರೆ, ಅಥವಾ ಮೊದಲಿಂದಲೇ ಜೋರು ಜ್ವರ, ಮುಖ ನೋವು ಇದ್ದರೆ ಮಾತ್ರ ಯೋಚಿಸಿ.

ಭೇದಿ. ನೀರಿನಂಥ ಭೇದಿಗೆ ಓಆರ್‌ಎಸ್. ಮಕ್ಕಳಿಗೆ ಜೊತೆಗೆ ಜಿಂಕ್: 6 ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿ.ಗ್ರಾಂ., 2ರಿಂದ 6 ತಿಂಗಳವರಿಗೆ 10 ಮಿ.ಗ್ರಾಂ., 14 ದಿನ. ಜಾತ್ರೆ ಊಟ ಮುಗಿಸಿ ಬಂದ ಭೇದಿ ಬಹುಪಾಲು ಎರಡು-ಮೂರು ದಿನದಲ್ಲಿ ತಾನಾಗಿಯೇ ನಿಲ್ಲುತ್ತದೆ. ಭೇದಿಯಲ್ಲಿ ರಕ್ತ ಇದ್ದರೆ, ಕಾಲರಾ ಅನುಮಾನ ಇದ್ದರೆ ಆಂಟಿಬಯೋಟಿಕ್‌ಗೆ ಜಾಗ ಇದೆ. ಓಫ್ಲಾಕ್ಸಾಸಿನ್-ಆರ್ನಿಡಜೋಲ್ ಅಂತ ಎರಡು ಸೇರಿಸಿದ ಮಾತ್ರೆ ನಮ್ಮಲ್ಲಿ ಭೇದಿಗೆ ನೀರಿನ ಹಾಗೆ ಹೋಗುತ್ತದೆ. ಒಂದೂ ಬೇಕಿಲ್ಲದ ಕಡೆ ಎರಡು ಕೊಟ್ಟ ಹಾಗೆ ಅದು. ಇಂಥ ಜೋಡಿ ಮಾತ್ರೆಗಳನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಬೇಡ ಅನ್ನುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಊರಿನ ಕ್ಲಿನಿಕ್ ಇವತ್ತೇ ಬಿಡಬಹುದಾದ ಮೊದಲ ಮಾತ್ರೆ ಇದು.

ಉರಿಮೂತ್ರ. ಗರ್ಭಿಣಿಯಲ್ಲದ ಹೆಂಗಸರಿಗೆ ಉರಿ, ಪದೇಪದೇ ಮೂತ್ರ, ಜ್ವರ ಇಲ್ಲ, ಸೊಂಟದ ಮೇಲೆ ನೋವಿಲ್ಲ ಅಂದರೆ ನೈಟ್ರೋಫ್ಯುರಾಂಟೋಯಿನ್ 100 ಮಿ.ಗ್ರಾಂ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ, ದಿನಕ್ಕೆ ಎರಡು ಸಲ, 5 ದಿನ. ಕಿಡ್ನಿ ತೊಂದರೆ ಇರುವವರಿಗೆ ಬೇಡ. ಸಿಪ್ರೋಫ್ಲಾಕ್ಸಾಸಿನ್ ಕೈಗೆ ಬೇಗ ಬರುತ್ತದೆ, ಆದರೆ ನಮ್ಮ ದೇಶದಲ್ಲಿ ಮೂತ್ರದ ಸೋಂಕಿನ ಇ-ಕೋಲಿ ಬ್ಯಾಕ್ಟೀರಿಯಾ ಅದಕ್ಕೆ ಬಹಳ ಕಡೆ ಬಗ್ಗುತ್ತಿಲ್ಲ. ಗರ್ಭಿಣಿಯರು, ಗಂಡಸರು, ಮತ್ತೆ ಮತ್ತೆ ಸೋಂಕು ಬರುವವರು, ಜ್ವರ ಇರುವವರು, ಇವರಿಗೆಲ್ಲ ಮೊದಲ ಮಾತ್ರೆಗೆ ಮುಂಚೆಯೇ ಮೂತ್ರದ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಕಳಿಸಿ. ಯಾವ ತೊಂದರೆಯೂ ಇಲ್ಲದ ವಯಸ್ಸಾದವರ ರಿಪೋರ್ಟಿನಲ್ಲಿ ‘ಪಸ್ ಸೆಲ್ಸ್’ (ಕೀವಿನ ಕಣ) ಕಂಡಿತು ಅಂತ ಔಷಧಿ ಕೊಡಬೇಡಿ. ಗರ್ಭಿಣಿಯರ ವಿಷಯ ಬೇರೆ, ಅವರಿಗೆ ತೊಂದರೆ ಇಲ್ಲದಿದ್ದರೂ ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಬಂದರೆ ಚಿಕಿತ್ಸೆ ಬೇಕು.

ಬರೀ ಜ್ವರ. ಮಳೆಗಾಲ ಶುರುವಾದ ಮೇಲೆ ನಮಗೆ ತಲೆನೋವು ತರುವುದು ಇದೇ. ಮೊದಲ ಐದು ದಿನದಲ್ಲಿ ಡೆಂಗಿಗೆ ಎನ್‌ಎಸ್‌1 ಪರೀಕ್ಷೆ, ಮಲೇರಿಯಾಕ್ಕೆ ರಕ್ತ ಲೇಪನ. ಡೆಂಗಿ, ಚಿಕೂನ್‌ಗುನ್ಯಾಕ್ಕೆ ಆಂಟಿಬಯೋಟಿಕ್‌ನಿಂದ ಏನೂ ಪ್ರಯೋಜನ ಇಲ್ಲ.

ಟೈಫಾಯ್ಡ್ ಪತ್ತೆಗೆ ಮಾಡಿಸುವ ವಿಡಾಲ್ ರಕ್ತ ಪರೀಕ್ಷೆಯ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಒಂದೇ ಸಲ ಮಾಡಿದ ವಿಡಾಲ್ ನೋಡಿ ‘ಟೈಫಾಯ್ಡ್ ಐತೆ’ ಅನ್ನುವುದು ಸರಿಯಲ್ಲ. ಹಿಂದೆ ಯಾವಾಗಲೋ ಬಂದ ಸೋಂಕು, ಹಾಕಿಸಿಕೊಂಡ ಲಸಿಕೆ, ಬೇರೆ ಜ್ವರಗಳು ಎಲ್ಲವೂ ಅದನ್ನು ಪಾಸಿಟಿವ್ ಮಾಡಬಲ್ಲವು. ವಾರ ಬಿಟ್ಟು ಎರಡನೇ ಸಲ ಮಾಡಿ ಟೈಟರ್ (ರಕ್ತದಲ್ಲಿನ ಪ್ರತಿಕಾಯಗಳ ಮಟ್ಟ) ಏರಿದೆಯೇ ಅಂತ ನೋಡಿದರೆ ಮಾತ್ರ ಅದಕ್ಕೊಂದು ಬೆಲೆ. ವರ್ಷಕ್ಕೆ ಮೂರು ಸಲ ‘ಟೈಫಾಯ್ಡ್’ ಆಗಿದೆ ಅನ್ನುವ ರೋಗಿಗಳ ಫೈಲ್ ತೆಗೆದು ನೋಡಿ. ಬಹುಪಾಲು ವಿಡಾಲ್ ಕಾಗದಗಳೇ ಇರುತ್ತವೆ, ರಕ್ತದ ಕಲ್ಚರ್ ಒಂದೂ ಇರುವುದಿಲ್ಲ. ಟೈಫಾಯ್ಡ್ ನಿಜವಾಗಿ ಅನುಮಾನ ಇದ್ದರೆ, ಮೊದಲ ಡೋಸ್‌ಗೆ ಮುಂಚೆ, ಮೊದಲ ವಾರದಲ್ಲೇ ರಕ್ತದ ಕಲ್ಚರ್ ಕಳಿಸಿ. ದಾವಣಗೆರೆ ನಗರದಲ್ಲಿ ವೈದ್ಯಕೀಯ ಕಾಲೇಜುಗಳಿವೆ, ಅವುಗಳಲ್ಲಿ ಮೈಕ್ರೋಬಯಾಲಜಿ ವಿಭಾಗ ಇದೆ. ಸುತ್ತಮುತ್ತಲ ಬ್ಯಾಕ್ಟೀರಿಯಾ ಯಾವ ಔಷಧಿಗೆ ಬಗ್ಗುತ್ತಿದೆ ಅನ್ನುವ ಪಟ್ಟಿಯನ್ನು, ಅಂದರೆ ಆಂಟಿಬಯೋಗ್ರಾಂ ಅನ್ನು ಕೇಳಿ ತರಿಸಿಕೊಳ್ಳಿ.

ಹೊಲದಲ್ಲಿ, ಪೊದೆಯಲ್ಲಿ ಕೆಲಸ ಮಾಡುವವರಿಗೆ ಐದಾರು ದಿನದಿಂದ ಜ್ವರ, ತಲೆನೋವು ಇದ್ದರೆ ಕಂಕುಳು, ತೊಡೆಸಂದಿ, ಎದೆಯ ಕೆಳಗೆ ಬಟ್ಟೆ ಸರಿಸಿ ನೋಡಿ. ಸಿಗರೇಟು ತಾಗಿ ಸುಟ್ಟಂಥ ಕಪ್ಪು ಕಲೆ ಕಂಡರೆ ಅದು ಪೊದೆಯ ಸಣ್ಣ ಹುಳ ಕಚ್ಚಿ ಬರುವ ಸ್ಕ್ರಬ್ ಟೈಫಸ್. ಇಲ್ಲಿ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ. ದಿನಕ್ಕೆ ಎರಡು ಸಲ, 7 ದಿನ. ಗರ್ಭಿಣಿಯರಿಗೆ ಅಜಿತ್ರೋಮೈಸಿನ್. ತಡ ಮಾಡಿದರೆ ಜೀವಕ್ಕೇ ಅಪಾಯ. ಸೆಫಿಕ್ಸಿಮ್ ಎಷ್ಟು ದಿನ ಕೊಟ್ಟರೂ ಈ ಕಾಯಿಲೆ ಬಗ್ಗುವುದಿಲ್ಲ.

ಕುರು, ಹಲ್ಲು. ಕುರು ಪಕ್ವವಾಗಿದ್ದರೆ ಕೀವು ತೆಗೆಯುವುದೇ ಚಿಕಿತ್ಸೆ. ಹಲ್ಲು ನೋವಿಗೂ ಅಷ್ಟೇ. ಮುಖ ಊದಿಲ್ಲ, ಜ್ವರ ಇಲ್ಲ ಅಂದರೆ ದಂತ ವೈದ್ಯರ ಕುರ್ಚಿಗೆ ಕಳಿಸಿ.

ಹಂತ 4: ಔಷಧಿ ಆರಿಸುವುದು

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಆಂಟಿಬಯೋಟಿಕ್‌ಗಳನ್ನು ಮೂರು ಗುಂಪು ಮಾಡಿತು. ಆಕ್ಸೆಸ್ ಗುಂಪು ಮೊದಲು ಕೈ ಹಾಕಬೇಕಾದದ್ದು: ಅಮಾಕ್ಸಿಸಿಲಿನ್, ಡಾಕ್ಸಿಸೈಕ್ಲಿನ್, ಸೆಫಲೆಕ್ಸಿನ್, ಕೋಟ್ರೈಮಾಕ್ಸಜೋಲ್, ನೈಟ್ರೋಫ್ಯುರಾಂಟೋಯಿನ್, ಮೆಟ್ರೋನಿಡಜೋಲ್. ವಾಚ್ ಗುಂಪು ಹುಷಾರಾಗಿ ಬಳಸಬೇಕಾದದ್ದು: ಅಜಿತ್ರೋಮೈಸಿನ್, ಸೆಫಿಕ್ಸಿಮ್, ಸೆಫ್ಟ್ರಯಾಕ್ಸೋನ್, ಸಿಪ್ರೋ, ಲೆವೋಫ್ಲಾಕ್ಸಾಸಿನ್. ಮೂರನೆಯದು ರಿಸರ್ವ್, ಕೊಲಿಸ್ಟಿನ್ ತರಹದ ಕೊನೆಯ ಅಸ್ತ್ರಗಳು. ಅವುಗಳಿಗೆ ನಮ್ಮ ಕ್ಲಿನಿಕ್‌ನಲ್ಲಿ ಕೆಲಸವೇ ಇಲ್ಲ. ಬಳಕೆಯಾಗುವ ಆಂಟಿಬಯೋಟಿಕ್‌ನಲ್ಲಿ ಕನಿಷ್ಠ 70 ಶೇಕಡಾ ಮೊದಲ ಗುಂಪಿನದ್ದಾಗಿರಬೇಕು, ಅದೂ 2030ರ ಹೊತ್ತಿಗೆ, ಅಂತ 2024ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯಲ್ಲಿ ದೇಶಗಳು ಒಪ್ಪಿಕೊಂಡಿವೆ.

ನೀವು ದಿನಾ ಬರೆಯುವ ಬ್ರ್ಯಾಂಡ್‌ಗಳನ್ನು ಒಂದು ಹಾಳೆಯಲ್ಲಿ ಈ ಮೂರು ಗುಂಪಿಗೆ ಹಂಚಿ, ಮೇಜಿನ ಗಾಜಿನ ಕೆಳಗೆ ಇಡಿ. ಎರಡನೇ ಕಾಲಂ ಉದ್ದವಾಗಿರುವುದು ಎದ್ದು ಕಾಣುತ್ತದೆ.

‘ನಂಗೆ ಪೆನ್ಸಿಲಿನ್ ಆಗಲ್ಲ’ ಅಂದವರನ್ನು ಬಿಡಿಸಿ ಕೇಳಿ. ಏನಾಗಿತ್ತು, ಎಷ್ಟು ಹೊತ್ತಿಗೆ, ಯಾವ ವರ್ಷ? ಹೊಟ್ಟೆ ತೊಳಸಿದ್ದು ಅಲರ್ಜಿಯಲ್ಲ. ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಿದ್ದರೆ ಅದು ನಿಜವಾದ ಅಲರ್ಜಿ, ಆ ಔಷಧಿ ಮುಟ್ಟಬೇಡಿ.

ಹಂತ 5: ಡೋಸ್ ಪೂರ್ತಿ, ದಿನ ಕಡಿಮೆ

ಕಡಿಮೆ ಡೋಸ್ ಕೊಡುವುದು ಉಳಿತಾಯವಲ್ಲ. ಬ್ಯಾಕ್ಟೀರಿಯಾ ಸಾಯದೆ ಔಷಧಿಯ ಪರಿಚಯ ಮಾಡಿಕೊಳ್ಳುತ್ತದೆ. 1945ರ ಡಿಸೆಂಬರ್‌ನಲ್ಲಿ ನೊಬೆಲ್ ಭಾಷಣ ಮಾಡುತ್ತ ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಈ ಅಪಾಯವನ್ನೇ ಹೇಳಿದ್ದರು. ಮಕ್ಕಳನ್ನು ತೂಕ ಮಾಡದೆ ‘ಒಂದು ಮುಚ್ಚಳ’ ಅಂತ ಬರೆಯಬೇಡಿ. ಸಿರಪ್ ಬಾಟಲಿಯಲ್ಲಿ ಗೆರೆ ತನಕ ಕುದಿಸಿ ಆರಿಸಿದ ನೀರು ಹಾಕುವುದನ್ನು ಅಲ್ಲೇ ತೋರಿಸಿ.

ಇನ್ನೊಂದು ಕಡೆ, ಜಾಸ್ತಿ ದಿನ ಕೊಟ್ಟರೆ ಒಳ್ಳೆಯದು ಅನ್ನುವ ಹಳೇ ನಂಬಿಕೆಯನ್ನೂ ಬಿಡಬೇಕು. ಸಾಧಾರಣ ನ್ಯುಮೋನಿಯಾಕ್ಕೆ, ಕಾಲಿನ ಚರ್ಮದಡಿ ಹರಡುವ ಸೋಂಕಾದ ಸೆಲ್ಯುಲೈಟಿಸ್‌ಗೆ, ರೋಗಿ ಸುಧಾರಿಸುತ್ತಿದ್ದರೆ 5 ದಿನ ಸಾಕು. ಔಷಧಿ ಹೊಟ್ಟೆಗೆ ಹೋದಷ್ಟು ದಿನವೂ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ, ಬಗ್ಗದವು ಉಳಿದು ಬೆಳೆಯುತ್ತವೆ. ಒಂದು ಕೋರ್ಸ್ ಮುಗಿದ ಮೇಲೂ ಆ ಬಗ್ಗದ ಬ್ಯಾಕ್ಟೀರಿಯಾ ದೇಹದಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದ ತನಕ ಉಳಿಯುತ್ತವೆ. ಕಳೆದ ಮೂರು ತಿಂಗಳಲ್ಲಿ ಯಾವ ಆಂಟಿಬಯೋಟಿಕ್ ತಗೊಂಡಿದ್ದೀರಿ ಅಂತ ಕೇಳಬೇಕಾದದ್ದು ಇದಕ್ಕೇ.

ಹಂತ 6: ‘ಬೇಡ’ ಅನ್ನುವ ರೀತಿ

ಜಗಳೂರು ಕಡೆಯಿಂದ ಬಸ್ಸಲ್ಲಿ ಬಂದ ತಾಯಿ. ಮಗುವಿಗೆ ಎರಡು ವರ್ಷ.

‘ಮೂರ್ ದಿನ ಆತು ಸಾರ್, ಮೂಗು ಸುರೀತಾನೇ ಐತೆ. ಪವರ್ ಇರೋ ಔಷಧಿ ಬರ್ಕೊಡ್ರಿ. ಇಲ್ಲಾಂದ್ರೆ ಒಂದು ಸೂಜಿ ಮಾಡಿಬಿಡ್ರಿ.’

‘ನಿನಗೆ ಏನು ಭಯ ಆಗ್ತಿದೆ ತಾಯಿ?’

‘ಕಫ ಎದೆಗೆ ಇಳಿದ್ರೆ ಏನ್ ಮಾಡಾದು ಸಾರ್? ನಮ್ಮ ಅಕ್ಕನ ಮಗೂಗೆ ಹಂಗೇ ಆಗಿತ್ತು. ಮತ್ತೆ ಬರಬೇಕು ಅಂದ್ರೆ ಒಂದಿನದ ಕೂಲಿ ಹೋಗುತ್ತೆ.’

ಆಕೆ ಆಂಟಿಬಯೋಟಿಕ್ ಕೇಳುತ್ತಿಲ್ಲ. ನ್ಯುಮೋನಿಯಾ ಆಗಬಾರದು, ಮತ್ತೆ ಬಸ್ ಹತ್ತಬಾರದು, ಇವೆರಡೇ ಆಕೆಗೆ ಬೇಕಿರುವುದು. ಇದು ಗೊತ್ತಾದ ಮೇಲೆ ಉತ್ತರ ಸುಲಭ. ಉಸಿರು ಎಣಿಸಿ, ‘ನೋಡು, ನಿಮಿಷಕ್ಕೆ 32 ಬಂತು, 40ರ ಒಳಗೇ ಇದೆ. ಎದೆ ಶುದ್ಧ ಇದೆ’ ಅಂತ ಹೇಳಿ. ಬೇಡದ ಮಾತ್ರೆ ಕೊಟ್ಟರೆ ಭೇದಿ ಆಗಬಹುದು, ನಾಳೆ ನಿಜವಾಗಿ ಬೇಕಾದಾಗ ಕೆಲಸ ಮಾಡದೆ ಹೋಗಬಹುದು ಅಂತ ಹೇಳಿ. ರೈತರ ಮನೆಯವರಿಗೆ ಹತ್ತಿಯ ಉದಾಹರಣೆ ಸಾಕು: ಒಂದೇ ಔಷಧಿ ಹೊಡೆದು ಹೊಡೆದು ಕಾಯಿಕೊರಕ ಸಾಯದಂತೆ ಆಯಿತಲ್ಲ, ಇಲ್ಲೂ ಅದೇ ನಡೆಯುತ್ತದೆ. ಅವರಿಗೆ ಇದಕ್ಕಿಂತ ಜಾಸ್ತಿ ವಿವರಿಸಬೇಕಾಗಿಲ್ಲ.

ಆಮೇಲೆ ಚೀಟಿಯ ಹಿಂದೆ ಕನ್ನಡದಲ್ಲಿ ಬರೆದುಕೊಡಿ: ಉಸಿರು ಜೋರಾದರೆ, ಎದೆ ಒಳಗೆ ಸೇದಿದರೆ, ಹಾಲು ಬಿಟ್ಟರೆ, ಮೂರು ದಿನ ಕಳೆದರೂ ಜ್ವರ ಬಿಡದಿದ್ದರೆ ತಕ್ಷಣ ಬನ್ನಿ. ಓದಲು ಬಾರದಿದ್ದರೆ ಬಾಯಲ್ಲಿ ಹೇಳಿ, ತಿರುಗಿ ಹೇಳಿಸಿಕೊಳ್ಳಿ. ಮೂರನೇ ದಿನ ಫೋನ್ ಮಾಡಲು ಹೇಳಿ. ಊರಿನ ಆಶಾ ಕಾರ್ಯಕರ್ತೆಗೆ ಉಸಿರು ಎಣಿಸಲು ಗೊತ್ತಿರುತ್ತದೆ, ಅವರನ್ನೂ ಜೊತೆ ಸೇರಿಸಿಕೊಳ್ಳಿ. ಕೂಲಿ ಉಳಿಯಿತು, ಮಗುವಿನ ಮೇಲೆ ಕಣ್ಣೂ ಇಟ್ಟಂತಾಯಿತು.

ದೂರದ ಊರಿನ ದೊಡ್ಡವರಿಗೆ ಇನ್ನೊಂದು ದಾರಿ ಇದೆ. ಕಿವಿ, ಗಂಟಲು, ಸೈನಸ್‌ನಲ್ಲಿ ಅನುಮಾನ ಅರ್ಧಂಬರ್ಧ ಇದ್ದರೆ ಆಂಟಿಬಯೋಟಿಕ್ ಚೀಟಿ ಬರೆದು, ‘ಈ ತಾರೀಖಿನ ತನಕ ಕಮ್ಮಿ ಆಗದಿದ್ದರೆ ಮಾತ್ರ ತಗೊಳ್ಳಿ’ ಅಂತ ತಾರೀಖು ಹಾಕಿ ಕೊಡಿ. ಹೀಗೆ ಕೊಟ್ಟ ಚೀಟಿಗಳಲ್ಲಿ ಬಹಳಷ್ಟು ಅಂಗಡಿಗೇ ಹೋಗುವುದಿಲ್ಲ ಅಂತ ಬೇರೆ ದೇಶಗಳ ಅಧ್ಯಯನಗಳು ತೋರಿಸಿವೆ. ಅಪಾಯದ ಲಕ್ಷಣ ಇದ್ದವರಿಗೆ, ಎಳೇ ಮಕ್ಕಳಿಗೆ ಈ ದಾರಿ ಬೇಡ.

ಸೂಜಿ ಬೇಕೇ ಬೇಕು ಅನ್ನುವವರ ಮುಂದೆ ಸೋಲಬೇಡಿ. ಮಾತ್ರೆ ನುಂಗಲು ಆಗುವವರಿಗೆ ಸೂಜಿಯಿಂದ ವಿಶೇಷ ಲಾಭ ಇಲ್ಲ. ಕ್ಲಿನಿಕ್ ಗೋಡೆಗೆ ‘ಇಲ್ಲಿ ಬೇಕಾದಾಗ ಮಾತ್ರ ಆಂಟಿಬಯೋಟಿಕ್ ಕೊಡುತ್ತೇವೆ’ ಅಂತ ನಿಮ್ಮ ಫೋಟೋ, ಸಹಿ ಹಾಕಿ ಬೋರ್ಡ್ ಅಂಟಿಸಿ. 2014ರಲ್ಲಿ ಪ್ರಕಟವಾದ, ಅಮೆರಿಕದ ಕ್ಲಿನಿಕ್‌ಗಳಲ್ಲಿ ನಡೆದ ಪ್ರಯೋಗದಲ್ಲಿ ಇಷ್ಟರಿಂದಲೇ ಬೇಡದ ಚೀಟಿಗಳು ಗಣನೀಯವಾಗಿ ಇಳಿದವು.

ಹಂತ 7: ಚೀಟಿ ಮತ್ತು ಮೆಡಿಕಲ್ ಶಾಪ್

ಚೀಟಿಯಲ್ಲಿ ರೋಗಿಯ ತೂಕ, ಕಾರಣ, ಔಷಧಿಯ ಮೂಲ ಹೆಸರು, ಡೋಸ್, ಎಷ್ಟು ದಿನ, ನಿಲ್ಲಿಸುವ ತಾರೀಖು ಇರಲಿ. ‘ಮತ್ತೆ ಕೊಡಬೇಡಿ’ ಅಂತ ಒಂದು ಸಾಲು ಸೇರಿಸಿದರೆ ಅದೇ ಚೀಟಿ ಮುಂದಿನ ವರ್ಷ ಮೈದುನನ ಜ್ವರಕ್ಕೆ ಓಡುವುದಿಲ್ಲ.

ಮೆಡಿಕಲ್ ಶಾಪ್‌ನವರನ್ನು ಎದುರಾಳಿ ಮಾಡಿಕೊಳ್ಳಬೇಡಿ. ಸಂಜೆ ಒಮ್ಮೆ ಹೋಗಿ ಕೂತು ಮಾತಾಡಿ. 2014ರ ಮಾರ್ಚ್ 1ರಿಂದ ಕೆಲವು ಔಷಧಿಗಳ ಮಾರಾಟ ಬಿಗಿಗೊಳಿಸುವ ಶೆಡ್ಯೂಲ್ ಎಚ್‌1 ಜಾರಿಯಲ್ಲಿದೆ. ಸೆಫಿಕ್ಸಿಮ್, ಸೆಫ್ಟ್ರಯಾಕ್ಸೋನ್, ಲೆವೋಫ್ಲಾಕ್ಸಾಸಿನ್, ಮೆರೋಪೆನೆಮ್ ಇವೆಲ್ಲ ಅದರಲ್ಲಿವೆ. ಇವನ್ನು ಮಾರಿದಾಗ ಬರೆದ ವೈದ್ಯರ ಹೆಸರು, ವಿಳಾಸ, ರೋಗಿಯ ಹೆಸರು, ಔಷಧಿ, ಎಷ್ಟು ಕೊಟ್ಟರು ಅನ್ನುವುದನ್ನು ಪ್ರತ್ಯೇಕ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಅಜಿತ್ರೋಮೈಸಿನ್ ಆ ಪಟ್ಟಿಯಲ್ಲಿ ಇಲ್ಲದಿದ್ದರೂ ಶೆಡ್ಯೂಲ್ ಎಚ್ ಔಷಧಿಯೇ, ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ಸ್ಟ್ರಿಪ್ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ವೈದ್ಯರ ಚೀಟಿ ಬೇಕು ಅಂತ ಜನರಿಗೂ ತೋರಿಸಿಕೊಡಿ. 2016ರಲ್ಲಿ ಕೇಂದ್ರ ಸರ್ಕಾರ ಪ್ರಚಾರ ಶುರು ಮಾಡಿದ್ದು ಆ ಗೆರೆಯ ಬಗ್ಗೆಯೇ.

ಹಂತ 8: ಸೋಂಕೇ ಬರದ ಹಾಗೆ

ನ್ಯುಮೋನಿಯಾ ತಡೆಯುವ ನ್ಯುಮೋಕಾಕಲ್ ಲಸಿಕೆ 2021ರಿಂದ ದೇಶದೆಲ್ಲೆಡೆ ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ ಉಚಿತ. ಭೇದಿ ತಡೆಯುವ ರೋಟಾವೈರಸ್ ಲಸಿಕೆಯೂ ಇದೆ. ನೆಗಡಿಗೆ ಬಂದ ಪ್ರತಿ ಮಗುವಿನ ತಾಯಿ ಕಾರ್ಡ್ ಕೇಳಿ ನೋಡಿ, ಬಿಟ್ಟುಹೋದದ್ದನ್ನು ಹಾಕಿಸಲು ಹೇಳಿ. ಕುರಿ, ಕೋಳಿ ಸಾಕುವವರು ಹಟ್ಟಿಯ ಔಷಧಿಯನ್ನು ಪಶುವೈದ್ಯರನ್ನು ಕೇಳದೆ ಬಳಸಬಾರದು ಅಂತಲೂ ಹೇಳಿ. ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು 2019ರಲ್ಲೇ ನಿಷೇಧಿಸಲಾಗಿದೆ.

ಹಂತ 9: ತಿಂಗಳಿಗೊಮ್ಮೆ ಎಣಿಸಿ

ತಿಂಗಳ ಕೊನೆಗೆ ನಿಮ್ಮದೇ ಚೀಟಿಗಳಲ್ಲಿ ಆರಿಸದೆ 30 ತೆಗೆಯಿರಿ. ನಾಲ್ಕು ಪ್ರಶ್ನೆ ಸಾಕು. ಎಷ್ಟರಲ್ಲಿ ಆಂಟಿಬಯೋಟಿಕ್ ಇದೆ? ಅದರಲ್ಲಿ ಎಷ್ಟು ಆಕ್ಸೆಸ್ ಗುಂಪಿನದ್ದು? ಕಾರಣ ಬರೆದಿದೆಯೇ? ನೆಗಡಿ, ನೀರಿನ ಭೇದಿಗೆ ಎಷ್ಟು ಹೋಗಿದೆ? ಸಂಖ್ಯೆಯನ್ನು ಡೈರಿಯಲ್ಲಿ ತಾರೀಖು ಸಮೇತ ಬರೆಯಿರಿ. ಮೊದಲ ತಿಂಗಳು ಒಂದೇ ಗುರಿ ಇಟ್ಟುಕೊಳ್ಳಿ: ನೀರಿನ ಭೇದಿಗೆ ಆಂಟಿಬಯೋಟಿಕ್ ಸೊನ್ನೆ. ಅದು ಕೈ ಹತ್ತಿದ ಮೇಲೆ ನೆಗಡಿ, ಆಮೇಲೆ ಮೂತ್ರದ ಸೋಂಕಿಗೆ ಬರೆಯುವ ಸಿಪ್ರೋ.

ತಾಲ್ಲೂಕಿನ ನಾಲ್ಕೈದು ವೈದ್ಯರು ಸೇರಿ ಹಾಳೆ ಬದಲಾಯಿಸಿಕೊಂಡರೆ ಇನ್ನೂ ಒಳ್ಳೆಯದು. ಪಕ್ಕದವರ ಸಂಖ್ಯೆ ನೋಡಿದಾಗ ನಮ್ಮ ಕೈ ತಾನಾಗಿಯೇ ಬಿಗಿಯಾಗುತ್ತದೆ. ಎಲ್ಲರೂ ಒಂದೇ ಮಾತು ಹೇಳುತ್ತಾರೆ ಅಂತ ಗೊತ್ತಾದರೆ ರೋಗಿಗಳೂ ಕ್ಲಿನಿಕ್‌ನಿಂದ ಕ್ಲಿನಿಕ್‌ಗೆ ಅಲೆಯುವುದು ಕಡಿಮೆಯಾಗುತ್ತದೆ. ಶುರು ಮಾಡಲು ಒಂದು ನೆಪ ಬೇಕಿದ್ದರೆ ಪ್ರತಿ ವರ್ಷ ನವೆಂಬರ್ 18ರಿಂದ 24ರವರೆಗೆ ಇದಕ್ಕೆಂದೇ ಜಾಗತಿಕ ಜಾಗೃತಿ ವಾರ ಇದೆ. ಆ ವಾರ ಮೊದಲ ಸಭೆ ಕರೆಯಿರಿ, ಮೆಡಿಕಲ್ ಶಾಪ್‌ನವರನ್ನೂ ಕೂರಿಸಿಕೊಳ್ಳಿ, 30 ಚೀಟಿಗಳ ಲೆಕ್ಕವನ್ನು ಮೇಜಿನ ಮೇಲೆ ಇಟ್ಟು ಮಾತು ಶುರು ಮಾಡಿ.